ಸೆಟ್ಟೇರಿದ ಪದ

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳಿರುವ ಪದ ಯಾವುದು ಎಂದು ಕೇಳಿದರೆ ಯಾರಿಗಾದರೂ ಮೊದಲು ಭಾರೀ ಪದಗಳೇ ನೆನಪಾಗುತ್ತವೆ. ಪ್ರೀತಿ, ಸತ್ಯ, ನ್ಯಾಯ, ಇಂಥವು. ಇವುಗಳ ಬಗ್ಗೆ ಜಗತ್ತಿನಲ್ಲಿ ಜಗಳ ಹೆಚ್ಚೇ ಹೊರತು ನಿಘಂಟಿನಲ್ಲಿ ಅರ್ಥಗಳೇನೂ ಹೆಚ್ಚಿಲ್ಲ. ಬಹುಕಾಲ ಆ ಪಟ್ಟದ ಮೇಲೆ ಕೂತಿದ್ದದ್ದು ‘ಸೆಟ್’. ಅವರ ಲಿಪಿಯಲ್ಲಿ ಮೂರಕ್ಷರ, ನಮ್ಮ ಲಿಪಿಯಲ್ಲಿ ಒಂದೂವರೆ. 1989ರಲ್ಲಿ 20 ಸಂಪುಟಗಳಾಗಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಈ ಒಂದೂವರೆ ಅಕ್ಷರದ ಕ್ರಿಯಾಪದಕ್ಕೆ 430 ಅರ್ಥ ಕೊಟ್ಟಿದ್ದರು. ವಿವರಿಸಲು ಹಿಡಿದದ್ದು ಸುಮಾರು 60,000 ಪದ. ಅಷ್ಟು ಪದ ಕೈಗೆ ಕೊಟ್ಟರೆ ನಮ್ಮ ಕಾದಂಬರಿಕಾರರು ಮೂರು ತಲೆಮಾರು ಮುಗಿಸಿ, ಜಮೀನು ಪಾಲು ಮಾಡಿಸಿ, ಹಿರಿಮಗನನ್ನು ಊರು ಬಿಡಿಸಿ, ಮುನ್ನುಡಿಗೂ ಜಾಗ ಉಳಿಸಿಕೊಡುತ್ತಾರೆ.

ಈಗ ಆ ಪಟ್ಟ ‘ರನ್’ ಪದಕ್ಕೆ ಹೋಗಿದೆ. 2011ರ ಹೊತ್ತಿಗೆ ಅದೇ ನಿಘಂಟಿನವರು ‘ರನ್’ ಕ್ರಿಯಾಪದವನ್ನು ಪರಿಷ್ಕರಿಸಿ 645 ಅರ್ಥಗಳನ್ನು ಲೆಕ್ಕ ಹಾಕಿದರು. ಓಡುವವನು ಕೂತವನನ್ನು ಹಿಂದೆ ಹಾಕಿದ್ದರಲ್ಲಿ ಆಶ್ಚರ್ಯವೇನಿಲ್ಲ. ಕೂತವನು ಎಂದದ್ದು ಸುಮ್ಮನೆ ಅಲ್ಲ. ಸೆಟ್ ಎಂಬ ಕ್ರಿಯಾಪದ ‘ಸಿಟ್’ ಎಂಬುದರ ಪ್ರೇರಣಾರ್ಥಕ ರೂಪ. ಸಿಟ್ ಎಂದರೆ ಕೂರು, ಸೆಟ್ ಎಂದರೆ ಕೂರಿಸು. ನಾವು ಚೌತಿಗೆ ಗಣಪತಿ ಕೂರಿಸುತ್ತೇವೆ, ನವರಾತ್ರಿಗೆ ಬೊಂಬೆ ಕೂರಿಸುತ್ತೇವೆ, ಎದೆಗೆ ಕಫ ಕಟ್ಟಿದ ಮಗುವನ್ನು ಸ್ಟೀಮ್ ಮುಂದೆ ಕೂರಿಸುತ್ತೇವೆ. ಇಷ್ಟೆಲ್ಲ ಕೂರಿಸಿದ ಜನಕ್ಕೆ ಸೆಟ್ ಪದದ ಮರ್ಮ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಂಗ್ಲಿಷಿನವರ ಕಷ್ಟ ಬೇರೆ. ಅವರು ಈ ಪದಕ್ಕೆ ಹೊತ್ತಿಗೊಂದು ಬಾಲ ಕಟ್ಟುತ್ತಾರೆ. ‘ಅಪ್’ ಕಟ್ಟಿದರೆ ಅಂಗಡಿ ಶುರುವಾಗುತ್ತದೆ, ‘ಔಟ್’ ಕಟ್ಟಿದರೆ ಮನುಷ್ಯ ಊರಿಗೆ ಹೊರಡುತ್ತಾನೆ, ‘ಇನ್’ ಕಟ್ಟಿದರೆ ಮಳೆಗಾಲ ಹಿಡಿದುಕೊಳ್ಳುತ್ತದೆ, ‘ಆಫ್’ ಕಟ್ಟಿದರೆ ಪಟಾಕಿ ಸಿಡಿಯುತ್ತದೆ. ಸೂರ್ಯನ ಮುಂದೆ ಮಾತ್ರ ಬಾಲವಿಲ್ಲದೆ ನಿಲ್ಲುತ್ತದೆ. ಆಗುಂಬೆಯಲ್ಲಿ ಅದಕ್ಕೆಂದೇ ‘ಸನ್‌ಸೆಟ್ ಪಾಯಿಂಟ್’ ಇದೆ. ಅಷ್ಟಾದರೂ ಅಲ್ಲಿ ನಿಂತು ‘ಸೂರ್ಯ ಸೆಟ್ ಆದ’ ಎಂದ ಕನ್ನಡಿಗನನ್ನು ನಾನು ಕಂಡಿಲ್ಲ. ಸೂರ್ಯ ಇನ್ನೂ ಮುಳುಗುತ್ತಲೇ ಇದ್ದಾನೆ. ಬಾಲಗಳ ಗೋಜು ನಮಗಿಲ್ಲ. ಯಾವ ಇಂಗ್ಲಿಷ್ ಪದ ಬಂದರೂ ನಾವು ಅದರ ಪಕ್ಕದಲ್ಲಿ ಇಬ್ಬರು ಕಾವಲಿನವರನ್ನು ನಿಲ್ಲಿಸುತ್ತೇವೆ: ಒಬ್ಬ ‘ಆಗು’, ಇನ್ನೊಬ್ಬ ‘ಮಾಡು’. ಈ ಇಬ್ಬರ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಹೊಟ್ಟೆಯ ವಿಚಾರ.

ಬೆಂಗಳೂರಿನ ಯಾವ ದರ್ಶಿನಿಗೆ ಬೆಳಿಗ್ಗೆ ಹೋದರೂ ಹಂಚಿನ ಮುಂದೆ ನಿಂತವನು ಚೀಟಿ ನೋಡಿ ಒಳಗೆ ಕೂಗುವುದು ಕೇಳಿಸುತ್ತದೆ: “ಎರಡು ಸೆಟ್, ಒಂದು ಖಾಲಿ, ಒಂದು ಮಸಾಲೆ!” ಸೆಟ್ ದೋಸೆಯನ್ನು ಬಣ್ಣಿಸುವ ಅಗತ್ಯ ಕನ್ನಡ ಓದುಗರಿಗಿಲ್ಲ. ಅಂಗೈಯಗಲ, ಮೈತುಂಬ ತೂತು, ಮುಚ್ಚಳ ಮುಚ್ಚಿ ಒಂದೇ ಮಗ್ಗುಲು ಬೇಯಿಸುವುದರಿಂದ ಇನ್ನೊಂದು ಮಗ್ಗುಲಿಗೆ ಬೆಂಕಿಯ ಪರಿಚಯವಿಲ್ಲದ ಮೃದು ಸ್ವಭಾವ. ಹಿಟ್ಟಿಗೆ ಅವಲಕ್ಕಿ, ಮೆಂತ್ಯ. ಜೊತೆಗೆ ಸಾಗು. ಸಾಮಾನ್ಯವಾಗಿ ಮೂರು ಬರುತ್ತವೆ. ಈಚೆಗೆ ಕೆಲವು ಕಡೆ ಬೆಲೆ ಏರಿಸದೆ ಸಂಖ್ಯೆ ಇಳಿಸಿ ಎರಡಕ್ಕೆ ತಂದಿದ್ದಾರೆ. ಎರಡು ದೋಸೆಯನ್ನು ಜೋಡಿ ಎನ್ನಬೇಕು, ಸೆಟ್ ಎನ್ನುವುದು ಗಿರಾಕಿಗೆ ಮಾಡುವ ಮೋಸ ಎಂದು ನನ್ನ ಅಭಿಪ್ರಾಯ.

ಗಣಿತದ ಮೇಷ್ಟ್ರಾದ ನನ್ನ ಗೆಳೆಯನಿಗೆ ಆ ಕೂಗಿನಲ್ಲಿ ಬೇರೆಯೇ ಸುಖ. ಅವನು ಶಾಲೆಯಲ್ಲಿ ‘ಗಣ’ ಎಂದು ಪಾಠ ಹೇಳುತ್ತಾನೆ. ಟ್ಯೂಷನ್ನಿನಲ್ಲಿ ಅದೇ ಪಾಠವನ್ನು ‘ಸೆಟ್’ ಎಂದು ಹೇಳುತ್ತಾನೆ, ಫೀ ಹೆಚ್ಚು. ಏನೂ ಇಲ್ಲದ ಗಣಕ್ಕೆ ಪಠ್ಯಪುಸ್ತಕದಲ್ಲಿ ಶೂನ್ಯ ಗಣ ಎಂಬ ಹೆಸರು. ಅವನ ಪ್ರಕಾರ ದರ್ಶಿನಿಯವನು ಕೊಟ್ಟಿರುವ ಹೆಸರು ಇನ್ನೂ ಚೆಂದ, ಖಾಲಿ ಸೆಟ್. “ಖಾಲಿ ಸೆಟ್ ಎನ್ನುವುದು ಪ್ರತಿಯೊಂದು ಸೆಟ್‌ನ ಉಪಗಣ ಕಣಯ್ಯಾ. ಇದು ಸಿದ್ಧಾಂತ” ಎಂದು ಅವನು ದೋಸೆ ಮುರಿಯುತ್ತಾ ಹೇಳುತ್ತಾನೆ. ಎಷ್ಟೋ ಹೋಟೆಲುಗಳಲ್ಲಿ ಸೆಟ್‌ನಿಂದ ಒಂದನ್ನು ಎತ್ತಿ ಬೇರೆ ತಟ್ಟೆಗೆ ಹಾಕಿ ಅದನ್ನೇ ಖಾಲಿ ದೋಸೆ ಎಂದು ಕೊಡುವುದನ್ನು ಕಣ್ಣಾರೆ ಕಂಡ ಮೇಲೆ ನನಗೂ ಸಿದ್ಧಾಂತ ಒಪ್ಪಿಗೆಯಾಗಿದೆ. ಗುಂಪು ಎಂಬ ಅರ್ಥದ ಸೆಟ್‌ಗೆ ಲ್ಯಾಟಿನ್ನಿನ ‘ಸೆಕ್ಟಾ’ ಕಡೆಯ ಸಂಬಂಧವೂ ಇದೆ. ಅಂದರೆ ಒಬ್ಬರ ಹಿಂದೆ ನಡೆಯುವವರ ಪಂಥ. ಸರಿಯೇ. ಸೆಟ್ ದೋಸೆಯದು ಒಂದು ಪಂಥವೇ. ಗರಿಗರಿ ಮಸಾಲೆಯ ಅನುಯಾಯಿಗಳು ಆ ಪಂಕ್ತಿಯಲ್ಲಿ ಕೂರುವುದಿಲ್ಲ.

ಗಣಿತಕ್ಕೂ ಗೃಹಿಣಿಗೂ ಸೆಟ್ ವಿಚಾರದಲ್ಲಿ ದೊಡ್ಡ ಭಿನ್ನಾಭಿಪ್ರಾಯವಿದೆ. ನಮ್ಮ ಮದುವೆಯ ಕಾಲದಲ್ಲಿ ‘ಲೆಮನ್ ಸೆಟ್’ ಎಂಬ ಉಡುಗೊರೆ ಬಹಳ ಪ್ರಚಾರದಲ್ಲಿತ್ತು. ಒಂದು ಗಾಜಿನ ಜಗ್ಗು, ಆರು ಗ್ಲಾಸು, ಮೇಲೆ ಹಳದಿ ಹೂವು. ನಿಂಬೆಹಣ್ಣಿನ ಪಾನಕ ಒಂದನ್ನು ಬಿಟ್ಟು ಅದರಲ್ಲಿ ಏನು ಬೇಕಾದರೂ ಕುಡಿಯುತ್ತಿದ್ದರು. ಕುಡಿಯುತ್ತಿದ್ದರು ಎನ್ನುವುದೂ ಅಷ್ಟು ಸರಿಯಲ್ಲ. ಬಹುಪಾಲು ಲೆಮನ್ ಸೆಟ್‌ಗಳು ಡಬ್ಬಿಯಿಂದ ಹೊರಬರದೆ, ಹೊಸ ಬಣ್ಣದ ಕಾಗದ ಸುತ್ತಿಸಿಕೊಂಡು, ಒಂದು ಮದುವೆಯಿಂದ ಇನ್ನೊಂದು ಮದುವೆಗೆ ಪ್ರಯಾಣ ಮಾಡುತ್ತಿದ್ದವು. ನಮ್ಮ ಮನೆಗೆ ಬಂದವುಗಳಲ್ಲಿ ಒಂದನ್ನು ಬಿಡಿಸಿ ಶೋಕೇಸಿನಲ್ಲಿಟ್ಟೆವು. ಮಗ ನಡೆಯಲು ಕಲಿತ ವರ್ಷ ಒಂದು ಗ್ಲಾಸು ಹೋಯಿತು. ಉಳಿದದ್ದು ಐದು.

ಗಣ ಸಿದ್ಧಾಂತಕ್ಕೆ 1874ರಲ್ಲಿ ಅಡಿಪಾಯ ಹಾಕಿದವನು ಜರ್ಮನಿಯ ಜಾರ್ಜ್ ಕ್ಯಾಂಟರ್. ಅನಂತದಲ್ಲೂ ಚಿಕ್ಕದು ದೊಡ್ಡದು ಉಂಟು ಎಂದು ತೋರಿಸಿಕೊಟ್ಟು ಆಗಿನ ಗಣಿತಜ್ಞರ ನಿದ್ದೆ ಕೆಡಿಸಿದವನು. ಅವನ ಲೆಕ್ಕದಲ್ಲಿ ಐದು ಗ್ಲಾಸಿನದೂ ಒಂದು ಸೆಟ್. ಮೂರರದೂ ಸೆಟ್, ಒಂದೇ ಒಂದು ಗ್ಲಾಸು ಇದ್ದರೂ ಸೆಟ್, ಎಲ್ಲವೂ ಒಡೆದುಹೋದರೂ ಸೆಟ್. ಇದನ್ನು ನಾನು ನನ್ನಾಕೆಗೆ ವಿವರಿಸಿದೆ.

“ಬೀಗರು ಆರು ಜನ ಬಂದು ಕೂತಾಗ ನಿಮ್ಮ ಕ್ಯಾಂಟರ್ ಬಂದು ಆರನೆಯವರಿಗೆ ಪಾನಕ ಕೊಡ್ತಾನಾ?” ಎಂದಳು.

ಅಂದಿನಿಂದ ಆ ಐದು ಗ್ಲಾಸು ಅಡುಗೆಮನೆಯಲ್ಲಿ ಬೇಳೆ ಅಳೆಯುವ ಕೆಲಸಕ್ಕೆ ಇಳಿದಿವೆ. ಒಡವೆಯ ವಿಷಯದಲ್ಲೂ ಇದೇ ಶಾಸ್ತ್ರ. ನೆಕ್ಲೆಸ್ ಕೊಂಡರೆ ಮುಗಿಯುವುದಿಲ್ಲ. ಓಲೆ ಬೇಕು, ಉಂಗುರ ಬೇಕು, ಬಳೆ ಬೇಕು, ಆಗಲೇ ಅದು ಸೆಟ್. ಕ್ಯಾಂಟರ್ ಹೇಳಿದ ಮುಗಿಯದ ಗಣಗಳು ನನಗೆ ಅರ್ಥವಾದದ್ದು ಆಭರಣದ ಅಂಗಡಿಯಲ್ಲಿ.

ಮುಗಿಯದ ಸೆಟ್ ಎಂದೊಡನೆ ಟೆನಿಸ್ ನೆನಪಾಗುತ್ತದೆ. ಆರು ಗೇಮ್ ಗೆದ್ದರೆ, ಎದುರಾಳಿಗಿಂತ ಎರಡು ಹೆಚ್ಚಿದ್ದರೆ ಒಂದು ಸೆಟ್ ಎಂದು ನಮಗೆ ಯಾರೋ ಹೇಳಿಕೊಟ್ಟಿದ್ದರು. 2010ರ ವಿಂಬಲ್ಡನ್‌ನಲ್ಲಿ ಜಾನ್ ಇಸ್ನರ್ ಮತ್ತು ನಿಕೊಲಾ ಮಾಹು ಆಡಿದ ಐದನೆಯ ಸೆಟ್ 70–68ಕ್ಕೆ ಮುಗಿಯಿತು. ಆ ಒಂದೇ ಸೆಟ್ 8 ಗಂಟೆ 11 ನಿಮಿಷ. ಅಂಕಫಲಕ 47–47ಕ್ಕೆ ಸುಸ್ತಾಗಿ ನಿಂತುಹೋಗಿತ್ತು, ಮನುಷ್ಯರು ನಿಲ್ಲಲಿಲ್ಲ. ಅದಕ್ಕೆ ಹೋಲಿಸಿದರೆ ನಮ್ಮ ಕೊಡಗಿನ ರೋಹನ್ ಬೋಪಣ್ಣ ಸಭ್ಯರು. 2024ರಲ್ಲಿ, 43ನೆಯ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಫೈನಲ್ ಅನ್ನು ಎರಡೇ ಸೆಟ್‌ನಲ್ಲಿ ಮುಗಿಸಿ ಎದ್ದರು.

ಸೆಟ್ ಪದದ ನಿಜವಾದ ವೈಭವ ನೋಡಬೇಕಾದರೆ ಮಾತ್ರ ಪೇಟೆ ಬಿಟ್ಟು ಅರಸೀಕೆರೆ ಕಡೆಯ ನಮ್ಮೂರಿಗೆ ಬರಬೇಕು. ನಮ್ಮ ದೊಡ್ಡಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಮಗಳ ಮದುವೆಯ ಖರ್ಚಿನ ಪಟ್ಟಿಯಲ್ಲಿ ಅವರೇ ಸ್ವಹಸ್ತದಿಂದ ಬರೆದದ್ದು: ಬ್ಯಾಂಡ್ ಸೆಟ್, ಮೈಕ್ ಸೆಟ್, ಸೀರಿಯಲ್ ಸೆಟ್, ಜನರೇಟರ್ ಸೆಟ್. ಬ್ಯಾಂಡ್ ಸೆಟ್‌ನವರು ಊದಿದ್ದು ಮೈಕ್ ಸೆಟ್‌ನವರಿಗೆ ಕೇಳಿಸಬಾರದು, ಮೈಕ್ ಸೆಟ್‌ನವರು ಹಾಕಿದ ಹಾಡು ಪುರೋಹಿತರಿಗೆ ಕೇಳಿಸಬಾರದು, ಆದರೆ ಇಬ್ಬರದೂ ಪಕ್ಕದ ಊರಿಗೆ ಕೇಳಿಸಬೇಕು. ಕರೆಂಟ್ ಹೋಗಿ ಜನರೇಟರ್ ಸೆಟ್ ಶುರುವಾದರೆ ಯಾರದೂ ಯಾರಿಗೂ ಕೇಳಿಸುವುದಿಲ್ಲ. ಆ ಗದ್ದಲದಲ್ಲೇ ತಾಳಿ ಕಟ್ಟಬೇಕು. ಆಕ್ಸ್‌ಫರ್ಡಿನ ವಿದ್ವಾಂಸರು 430 ಅರ್ಥಗಳನ್ನು ಕೂಡಿಹಾಕಿದ್ದು ಗ್ರಂಥಾಲಯದ ನಿಶ್ಶಬ್ದದಲ್ಲಿ. ನಾಲ್ಕು ಸೆಟ್ ಒಟ್ಟಿಗೆ ಅರಚುವಾಗ ಅವರು ಎಷ್ಟು ಅರ್ಥ ಕೂಡಿಹಾಕುತ್ತಿದ್ದರೋ ನೋಡಬೇಕಿತ್ತು.

ದೊಡ್ಡಪ್ಪನ ಖಾಸಾ ಸೆಟ್‌ಗಳು ಎರಡು. ಒಂದು ತೋಟದಲ್ಲಿ, ಇನ್ನೊಂದು ಬಾಯಲ್ಲಿ. ತೋಟದ್ದು ಐಪಿ ಸೆಟ್, ಕೊಳವೆಬಾವಿಗೆ ಇಳಿಸಿದ ಪಂಪು. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ರಾಜ್ಯದಲ್ಲಿ ಕರೆಂಟ್ ಉಚಿತ. ಉಚಿತವಾದ್ದರಿಂದ ಯಾವಾಗ ಬರುತ್ತದೆಂದು ಕೇಳುವ ಹಕ್ಕು ಯಾರಿಗೂ ಇಲ್ಲ ಎಂಬ ಭಾವನೆ ಎರಡೂ ಕಡೆ ಇದೆ. ತ್ರೀ ಫೇಸ್ ಬಂದಾಗ ನೀರು, ಅದು ನಡುರಾತ್ರಿಯಾದರೆ ನಡುರಾತ್ರಿ. ಐಪಿ ಎಂದರೇನು ಎಂದು ಒಮ್ಮೆ ದೊಡ್ಡಪ್ಪನನ್ನು ಕೇಳಿದೆ. “ಐಪಿ ಅಂದ್ರೆ ಐಪಿ ಕಣ್ಲಾ, ಇನ್ನೇನು?” ಎಂದರು. ನೀರಾವರಿಯ ಇಂಗ್ಲಿಷ್ ಹೆಸರಿನ ಮೊದಲಕ್ಷರ ಅದರಲ್ಲಿದೆ ಎನ್ನುವುದು ಬಿಲ್ ಬರೆಯುವವರಿಗೆ ಮಾತ್ರ ಬೇಕಾದ ವಿಷಯ. ನನ್ನ ಮಗ ಕಂಪ್ಯೂಟರ್ ನೆಟ್‌ವರ್ಕ್ ಕೆಲಸದವನು. ಹಬ್ಬಕ್ಕೆ ಊರಿಗೆ ಬಂದವನು ಲ್ಯಾಪ್‌ಟಾಪ್ ಬಿಚ್ಚಿ ಕೂತಿದ್ದಾಗ ದೊಡ್ಡಪ್ಪ ಏನು ಮಾಡ್ತಿದ್ದೀಯ ಮಗಾ ಎಂದರು.

“ಐಪಿ ಸೆಟ್ ಮಾಡ್ತಿದ್ದೀನಿ ತಾತ.”

ದೊಡ್ಡಪ್ಪನ ಮುಖ ಅರಳಿತು. ನಮ್ಮ ವಂಶದಲ್ಲಿ ಓದಿದವನೊಬ್ಬ ಕೊನೆಗೂ ಕೆಲಸಕ್ಕೆ ಬರುವ ವಿದ್ಯೆ ಕಲಿತಿದ್ದಾನೆ ಎಂದುಕೊಂಡರು. “ಎಷ್ಟು ಎಚ್‌ಪೀದು?” ಎಂದರು. ಮಗ ಲ್ಯಾಪ್‌ಟಾಪಿನ ಮುಚ್ಚಳ ತಿರುಗಿಸಿ ಕಂಪನಿಯ ಹೆಸರು ನೋಡಿ, “ಹೌದು ತಾತ, ಎಚ್‌ಪೀದೇ” ಎಂದ. ಇಬ್ಬರಿಗೂ ಪೂರ್ಣ ಸಮಾಧಾನವಾಯಿತು. ನಾನು ನಡುವೆ ಬಾಯಿ ಹಾಕಲಿಲ್ಲ.

ಬಾಯಿಯ ಸೆಟ್ ಎಂದರೆ ಹಲ್ಲಿನದು. ನಮ್ಮ ಕಡೆ ಹಲ್ಲು ಕಟ್ಟಿಸಿಕೊಂಡವರನ್ನು ‘ಸೆಟ್ಟು ಹಾಕಿಸಿದ್ದಾರೆ’ ಎನ್ನುತ್ತಾರೆ. ದೊಡ್ಡಪ್ಪ ಊಟ ಮಾಡುವಾಗ ಸೆಟ್ಟು ತೆಗೆದು ಲೋಟದಲ್ಲಿಡುತ್ತಾರೆ, ಫೋಟೋ ತೆಗೆಯುವಾಗ ಹಾಕಿಕೊಳ್ಳುತ್ತಾರೆ. ಇದು ತಿರುಗುಮುರುಗಾಯಿತಲ್ಲ ಎಂದರೆ, “ತಿನ್ನೋಕೆ ದವಡೆ ಸಾಕು, ನಗೋಕೆ ತಾನೆ ಹಲ್ಲು ಬೇಕಾಗಿರೋದು” ಎಂಬುದು ಅವರ ವಾದ. ಹೀಗೆ ಒಂದೇ ಮನೆಯಲ್ಲಿ ಎರಡು ಸೆಟ್ ಇದ್ದರೆ ಏನಾಗಬಹುದೋ ಅದೇ ಆಯಿತು. ಒಂದು ಮಧ್ಯಾಹ್ನ ನಾನು ಆಫೀಸಿನಲ್ಲಿದ್ದಾಗ ದೊಡ್ಡಮ್ಮ ನಮ್ಮ ಮನೆಗೆ ಫೋನ್ ಮಾಡಿದರು. ಎತ್ತಿಕೊಂಡದ್ದು ನನ್ನಾಕೆ.

“ನಿಮ್ಮ ದೊಡ್ಡಮಾವನ ಸೆಟ್ಟು ಸುಟ್ಟೋಯ್ತು ಕಣವ್ವ.”

“ಅಯ್ಯೋ! ತುಂಬ ಉರೀತಿದೆಯಾ ಅತ್ತೆ?”

“ಉರಿಯೋದೇನು, ಹೊಗೇನೇ ಬಂತು. ಈಗ ಮೇಲಕ್ಕೆ ಎತ್ತಬೇಕು. ನಾಲ್ಕು ಜನ ಹಿಡ್ಕೊಂಡು ಎಳೀಬೇಕಂತೆ.”

“ಡಾಕ್ಟರಿಗೆ ತೋರಿಸಲಿಲ್ವಾ?”

“ಡಾಕ್ಟ್ರು ಯಾಕವ್ವ? ತಿಪಟೂರಿಗೆ ತಗೊಂಡೋಗಿ ವೈಂಡಿಂಗ್ ಮಾಡಿಸಿದ್ರಾಯ್ತು. ಹೋದ ಸಲವೂ ಅಲ್ಲೇ ಮಾಡ್ಸಿದ್ದು.”

“ಅಲ್ಲೀವರೆಗೆ ಊಟ ಹೇಗೆ ಅತ್ತೆ?”

“ಊಟಕ್ಕೇನು ಬಂತು, ತೆಂಗಿಗೇ ನೀರಿಲ್ಲ!”

ನಾನು ಸಂಜೆ ಬರುವ ಹೊತ್ತಿಗೆ ನನ್ನಾಕೆ ಗಂಜಿಗೆ ಅಕ್ಕಿ ನುಚ್ಚು ಮಾಡಿ, ಊರಿಗೆ ಹೊರಡಲು ಬ್ಯಾಗು ತುಂಬಿಟ್ಟಿದ್ದಳು. ನಾಲ್ಕು ಜನ ಎಳೆದರೂ ಬಾರದ ಹಲ್ಲು ಎಂಥದ್ದಿರಬಹುದು ಎಂದು ಪಕ್ಕದ ಮನೆಯವರೂ ಬಂದು ವಿಚಾರಿಸಿಕೊಂಡು ಹೋಗಿದ್ದರು.

ಇಷ್ಟು ಹೊತ್ತಿಗೆ ನೀವು ಗಮನಿಸಿರಬಹುದು, ದೊಡ್ಡಮ್ಮನ ಬಾಯಲ್ಲಿ ಪದ ‘ಸೆಟ್’ ಆಗಿ ಉಳಿಯಲಿಲ್ಲ, ‘ಸೆಟ್ಟು’ ಆಯಿತು. ಬಸ್ಸು, ಕಾರು, ಲೈಟು ಬಂದ ದಾರಿಯಲ್ಲೇ ಇದೂ ಬಂತು. ಒಮ್ಮೆ ಆ ಉಕಾರ ಹತ್ತಿದರೆ ಪದಕ್ಕೆ ನಮ್ಮ ಊರಿನ ರೇಷನ್ ಕಾರ್ಡ್ ಸಿಕ್ಕಿದಂತೆ. ಸೆಟ್ಟಿಗೆ, ಸೆಟ್ಟಿನಿಂದ, ಸೆಟ್ಟಲ್ಲಿ ಎಂದು ಎಲ್ಲ ವಿಭಕ್ತಿಗಳೂ ತಾವಾಗಿ ಬಂದು ಅಂಟುತ್ತವೆ. ಇದರ ಪರಾಕಾಷ್ಠೆ ನಮ್ಮ ಸಿನಿಮಾ ವರದಿಗಾರರು ಕಟ್ಟಿದ ‘ಸೆಟ್ಟೇರು’. ಹೊಸ ಚಿತ್ರದ ಚಿತ್ರೀಕರಣ ಆರಂಭವಾದರೆ ‘ಚಿತ್ರ ಸೆಟ್ಟೇರಿದೆ’ ಎಂದು ಬರೆಯುತ್ತಾರೆ. ಸೆಟ್ಟು ಮತ್ತು ಏರು ಸೇರಿ ಸೆಟ್ಟೇರು. ಉಕಾರ ಲೋಪ, ಲೋಪಸಂಧಿ. ಏಳನೆಯ ತರಗತಿಯ ವ್ಯಾಕರಣಕ್ಕೆ ಸರಿಯಾಗಿ ಇಂಗ್ಲಿಷ್ ಪದವೊಂದು ಕನ್ನಡ ಕ್ರಿಯಾಪದದ ಎದುರು ತನ್ನ ಸ್ವರವನ್ನು ಬಿಟ್ಟುಕೊಟ್ಟಿದೆ. ಅದೂ ನಾವೇ ಕೊಟ್ಟ ಸ್ವರವನ್ನು! ಗದ್ದುಗೆ ಏರುವುದು, ಹಸೆಮಣೆ ಏರುವುದು, ತೇರು ಏರುವುದು ಇದ್ದ ನಾಡಿನಲ್ಲಿ ಸಿನಿಮಾವೂ ಏನನ್ನಾದರೂ ಏರಲೇಬೇಕಿತ್ತು.

ಬೀದಿಯಲ್ಲೋ ಕಾಡಿನಲ್ಲೋ ತೆಗೆದ, ಒಂದೇ ಒಂದು ಸೆಟ್ಟೂ ಹಾಕದ ಚಿತ್ರವೂ ಸೆಟ್ಟೇರುತ್ತದೆ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ತೆಗೆಯಲು ಆಗುಂಬೆಗೆ ಹೋದಾಗ ಅಲ್ಲಿನ ದೊಡ್ಡಮನೆಯೇ ಸಿದ್ಧವಾಗಿತ್ತು. ಜನ ವಾಸವಿದ್ದ ಮನೆ. ಇನ್ನೊಂದು ಕಡೆ, ‘ಶೋಲೆ’ಗಾಗಿ ರಾಮನಗರದ ಬಂಡೆಗಳ ನಡುವೆ ರಾಮಗಢ ಎಂಬ ಇಡೀ ಊರನ್ನೇ ಸೆಟ್ ಆಗಿ ಕಟ್ಟಿದರು. ನಿರ್ದೇಶಕರ ಹೆಸರಿನಿಂದ ಆ ಜಾಗಕ್ಕೆ ಸಿಪ್ಪಿನಗರ ಎಂಬ ಹೆಸರೂ ಬಿದ್ದಿತು. ಹವ್ಯಾಸಿ ನಾಟಕದವರ ಆಮಂತ್ರಣ ಪತ್ರಿಕೆಯಲ್ಲಿ ಮಾತ್ರ ಇಂದಿಗೂ ‘ರಂಗಸಜ್ಜಿಕೆ’ ಎಂದೇ ಇರುತ್ತದೆ. ರಂಗದ ಹಿಂದೆ ಹೋದರೆ “ಸೆಟ್ ಬೀಳ್ತದೆ, ಹಿಡ್ಕೊಳ್ರೋ” ಎಂಬ ಕೂಗು. ಸಜ್ಜಿಕೆ ಮುದ್ರಣಕ್ಕೆ, ಸೆಟ್ ಬೀಳುವುದಕ್ಕೆ.

ಹದಿಮೂರನೆಯ ಶತಮಾನದ ಕೇಶಿರಾಜ ಈಗ ಬಂದರೆ ಏನೆನ್ನುತ್ತಿದ್ದನೋ. ‘ಶಬ್ದಮಣಿದರ್ಪಣ’ದ ಪರಂಪರೆಯಲ್ಲಿ ಸಂಸ್ಕೃತ ಪದವನ್ನು ಕನ್ನಡ ಪದದೊಂದಿಗೆ ಬೆಸೆದು ಸಮಾಸ ಮಾಡಿದರೆ ಅದು ಅರಿಸಮಾಸ, ಅಂದರೆ ಶತ್ರುಗಳ ಸಹವಾಸ. ಹಾಗಾದರೆ ‘ಸೆಟ್ ದೋಸೆ’? ಶಾಸ್ತ್ರದ ಪ್ರಕಾರ ಘೋರ ಅಪರಾಧ. ಆದರೂ ಸಾಗುವಿನ ಜೊತೆ ಒಂದು ತಟ್ಟೆ ಮುಂದಿಟ್ಟಿದ್ದರೆ ಆತ ಒಂದು ಅಪವಾದಸೂತ್ರ ಬರೆದುಕೊಡುತ್ತಿದ್ದ ಎಂದು ನನ್ನ ನಂಬಿಕೆ.

ಟಿವಿ ಪೆಟ್ಟಿಗೆಯ ಮೇಲೆ ಕೂರಲೆಂದು ಬಂದದ್ದು ಸೆಟ್‌ಟಾಪ್ ಬಾಕ್ಸ್. ಬೆಂಗಳೂರು, ಮೈಸೂರುಗಳಲ್ಲಿ 2013ರ ಮಾರ್ಚ್ 31ರ ಗಡುವು ಹಾಕಿ ಮನೆಮನೆಗೂ ಅದನ್ನು ಕೂರಿಸಿದರು. ಅಷ್ಟರಲ್ಲಿ ಟಿವಿಗಳು ತೆಳ್ಳಗಾಗಿ ಗೋಡೆ ಹತ್ತಿದ್ದವು. ಮೇಲೆ ಕೂರಲು ಜಾಗವಿಲ್ಲದೆ ಬಾಕ್ಸು ಕೆಳಗಿನ ಗೂಡು ಸೇರಿತು. ಹೆಸರು ಇನ್ನೂ ‘ಟಾಪ್’. ಪದವಿ ಹೋದರೂ ‘ಮಾಜಿ’ ಹಾಕಿಕೊಳ್ಳದ ಅಧ್ಯಕ್ಷರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ, ಬಾಕ್ಸನ್ನೊಂದೇ ಬೈದು ಫಲವಿಲ್ಲ.

ಮನೆ ಕಟ್ಟಿಸುವವರಿಗೆ ಸೆಟ್‌ನ ಇನ್ನೆರಡು ಅವತಾರಗಳ ದರ್ಶನವಾಗುತ್ತದೆ. ಒಂದು ಸೆಟ್‌ಬ್ಯಾಕ್. ಇಂಗ್ಲಿಷಿನಲ್ಲಿ ಇದಕ್ಕೆ ಹಿನ್ನಡೆ ಎಂಬ ಅರ್ಥವುಂಟು. ನಮ್ಮ ಬಡಾವಣೆಗಳಲ್ಲಿ ಮನೆಯ ಸುತ್ತ ಗಾಳಿ ಬೆಳಕಿಗೆಂದು ಬಿಡಬೇಕಾದ ಜಾಗ. ಅದನ್ನು ಬಿಟ್ಟವನಿಗೆ ಕೋಣೆ ಚಿಕ್ಕದಾಗಿ ಹಿನ್ನಡೆ, ಬಿಡದವನಿಗೆ ನೋಟಿಸ್ ಬಂದು ಹಿನ್ನಡೆ. ನಿಘಂಟಿನ ಎರಡೂ ಅರ್ಥ 30–40 ಸೈಟಿನಲ್ಲಿ ಒಂದಾಗುತ್ತವೆ. ಬಿಡದವರು ಎದೆಗುಂದುವುದಿಲ್ಲ. “ಒಳಗೆ ಒಬ್ಬರನ್ನ ಸೆಟ್ ಮಾಡಿದ್ದೀನಿ” ಎನ್ನುತ್ತಾರೆ. ಈ ಅರ್ಥ ಯಾವ ನಿಘಂಟಿನಲ್ಲಿ ಎಷ್ಟನೆಯದೋ, ನಮ್ಮಲ್ಲಂತೂ ಮೊದಲ ಹತ್ತರಲ್ಲಿದೆ. ಇದರ ನೆಂಟನಾದ ‘ಸೆಟಪ್ಪು’ ಪದಕ್ಕೆ ನಮ್ಮ ಆಡುಮಾತಿನಲ್ಲಿರುವ ಒಂದು ಅರ್ಥವನ್ನು ಸಂಸಾರಸ್ಥರು ಓದುವ ಕಡೆ ಬರೆಯುವಂತಿಲ್ಲ. ಗೊತ್ತಿರುವವರು ಗೊತ್ತಿಲ್ಲದವರಂತೆ ಮುಂದಕ್ಕೆ ಹೋಗಬೇಕಾಗಿ ವಿನಂತಿ.

ಇನ್ನೊಂದು ಅವತಾರ ಗಾರೆಯವರದು. ಸಿಮೆಂಟಿಗೆ ಸೆಟ್ ಆಗುವ ಕಾಲ ಗೊತ್ತುಪಡಿಸಿದ್ದಾರೆ. ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು 30 ನಿಮಿಷಕ್ಕೆ ಮೊದಲು ಗಟ್ಟಿಯಾಗಲು ತೊಡಗಬಾರದು, 600 ನಿಮಿಷದೊಳಗೆ ಪೂರಾ ಸೆಟ್ ಆಗಿರಬೇಕು. ನಮ್ಮ ಮನೆಯ ಮೇಸ್ತ್ರಿ ಈ ಗಡುವುಗಳನ್ನೆಲ್ಲ ಮೀರಿದವರು. ಗೋಡೆ ವಾಲಿದಂತಿದೆಯಲ್ಲ ಎಂದರೆ “ಸೆಟ್ ಆಗುತ್ತೆ ಬಿಡಿ ಸಾರ್.” ಬಾಗಿಲು ಮುಚ್ಚುತ್ತಿಲ್ಲ ಎಂದರೆ “ಒಂದು ಮಳೆಗಾಲ ಹೋದ್ರೆ ಸೆಟ್ ಆಗುತ್ತೆ.” ಬಚ್ಚಲಿನ ನೀರು ಹಾಲಿನ ಕಡೆಗೆ ಹರಿಯುತ್ತಿದೆ ಎಂದರೆ “ನಿಮಗೇ ಸೆಟ್ ಆಗುತ್ತೆ ಸಾರ್.” ಕೊನೆಯದು ನಿಜವಾಯಿತು. ನಾವು ಈಗ ಹಾಲಿನಲ್ಲಿ ಕಾಲೆತ್ತಿ ನಡೆಯುತ್ತೇವೆ.

ಕಾವಲಿನ ಆಗು–ಮಾಡುಗಳ ವಿಷಯಕ್ಕೆ ಬರುತ್ತೇನೆಂದಿದ್ದೆ. ನನ್ನ ತಕರಾರು ಇರುವುದು ಇಲ್ಲೇ. ಸೆಟ್ ನಾಮಪದವಾಗಿ ಬಂದಾಗೆಲ್ಲ ತನ್ನ ಅನ್ನ ತಾನು ದುಡಿದುಕೊಂಡಿದೆ. ಪಂಪು, ಹಲ್ಲು, ಬ್ಯಾಂಡು, ದೋಸೆ ಯಾವುದಕ್ಕೂ ನಮ್ಮಲ್ಲಿ ಅಷ್ಟು ಚಿಕ್ಕ ಹೆಸರು ಸಿದ್ಧವಿರಲಿಲ್ಲ. ಮಾಡು ಜೊತೆ ಸೇರಿದಾಗಲೂ ದೊಡ್ಡ ಹಾನಿಯಿಲ್ಲ, ಅಲಾರಂ ಸೆಟ್ ಮಾಡಿದರೆ ಯಾರ ಗಂಟು ಹೋಯಿತು? ಆಗು ಜೊತೆ ಸೇರಿದ್ದೇ ತಡ, ಅದರ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. “ಈ ಊರಿನ ನೀರು ನಂಗೆ ಸೆಟ್ ಆಗಲ್ಲ.” “ಆ ಬಣ್ಣ ನಿಂಗೆ ಸೆಟ್ ಆಗಲ್ಲ.” “ಜಾತಕ ಸೆಟ್ ಆಗಲಿಲ್ಲ.” “ಅತ್ತೆ ಸೊಸೆಗೆ ಸೆಟ್ ಆಗಲ್ಲ.” “ಅಂಗಡಿ ವ್ಯಾಪಾರ ಈಗ ಸೆಟ್ ಆಯ್ತು.” ಇದನ್ನೇ ಇಂಗ್ಲಿಷಿಗೆ ತಿರುಗಿಸಿ ಲಂಡನ್ನಿನವರ ಮುಂದೆ ಹೇಳಿದರೆ ಅವರಿಗೆ ಒಂದಕ್ಷರ ತಿಳಿಯುವುದಿಲ್ಲ. ಈ ಸೆಟ್ ಅವರದಲ್ಲ, ನಾವೇ ಹೆತ್ತದ್ದು.

ಹೆತ್ತದ್ದಕ್ಕೆ ಬೇಸರವಿಲ್ಲ. ಇದು ಬರುವ ಮುಂಚೆ ಈ ಕೆಲಸಗಳನ್ನು ಮಾಡುತ್ತಿದ್ದವರು ಏನಾದರು ಎಂಬುದು ನನ್ನ ಪ್ರಶ್ನೆ. ನೀರು ‘ಒಗ್ಗುತ್ತಿತ್ತು’. ಬಣ್ಣ ‘ಒಪ್ಪುತ್ತಿತ್ತು’. ಜಾತಕ ‘ಕೂಡಿಬರುತ್ತಿತ್ತು’. ಅತ್ತೆ ಸೊಸೆ ‘ಹೊಂದಿಕೊಳ್ಳುತ್ತಿದ್ದರು’, ಹೊಂದದಿದ್ದರೆ ‘ಎಣ್ಣೆ ಸೀಗೆಕಾಯಿ’ ಆಗುತ್ತಿದ್ದರು. ವ್ಯಾಪಾರ ‘ಕುದುರುತ್ತಿತ್ತು’. ಮೊಸರು ‘ಹೆಪ್ಪುಗಟ್ಟುತ್ತಿತ್ತು’, ಈಗ ಸೂಪರ್‌ಮಾರ್ಕೆಟ್ಟಿನಲ್ಲಿ ಅದೂ ‘ಸೆಟ್ ಕರ್ಡ್’ ಆಗಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂತಿದೆ. ಒಗ್ಗುವುದಕ್ಕೂ ಒಪ್ಪುವುದಕ್ಕೂ ಇರುವ ಅಂತರ ಚಿಕ್ಕದಲ್ಲ. ಒಗ್ಗುವುದು ಮೈಗೆ, ಒಪ್ಪುವುದು ಕಣ್ಣಿಗೆ. ಸೆಟ್ ಆಗುವುದು ಎಲ್ಲದಕ್ಕೂ, ಅಂದರೆ ಯಾವುದಕ್ಕೂ ಅಲ್ಲ.

ಇದರ ಜೊತೆಗೆ ‘ಲೈಫ್ ಸೆಟ್’ ಎಂಬುದೊಂದಿದೆ. ಕೆಲಸ ಸಿಕ್ಕಿದವನಿಗೂ, ಸೈಟು ಕೊಂಡವನಿಗೂ, ಅಮೆರಿಕದ ವೀಸಾ ಬಂದವನಿಗೂ ಇದೇ ಆಶೀರ್ವಾದ. ಕಾಲೇಜು ಮೇಷ್ಟ್ರಾಗಲು ಬರೆಯಬೇಕಾದ ರಾಜ್ಯ ಅರ್ಹತಾ ಪರೀಕ್ಷೆಯ ಹೆಸರೂ ಕೆ–ಸೆಟ್. ನನ್ನ ಪರಿಚಯದ ಹುಡುಗಿಯೊಬ್ಬಳಿಗೆ ಕೆ–ಸೆಟ್ ಆಗಿ ಎಷ್ಟೋ ಕಾಲವಾಯಿತು, ಇನ್ನೂ ಅತಿಥಿ ಉಪನ್ಯಾಸಕಿ. “ಸೆಟ್ ಆಗಿದೆ ಅಂಕಲ್, ಸೆಟಲ್ ಆಗಿಲ್ಲ” ಎಂದು ಅವಳು ನಗುತ್ತಾಳೆ. ಕ್ರಿಕೆಟ್ ವೀಕ್ಷಕ ವಿವರಣೆಗಾರರು “ಬ್ಯಾಟರ್ ಸೆಟ್ ಆಗಿದ್ದಾರೆ” ಎಂದ ಮರು ಎಸೆತಕ್ಕೇ ಔಟಾಗುವುದನ್ನು ನೋಡಿದರೆ ಆ ಆಶೀರ್ವಾದದ ಬೆಲೆ ತಿಳಿಯುತ್ತದೆ. ಟೆಸ್ಟ್ ಪಂದ್ಯಗಳಲ್ಲಿ 31,258 ಎಸೆತ ಎದುರಿಸಿದ ರಾಹುಲ್ ದ್ರಾವಿಡ್ ಒಬ್ಬರಿಗೆ ಬೇಕಾದರೆ ಆ ಮಾತು ಹೇಳಬಹುದು. ಅವರಿಗೂ ಕನ್ನಡದಲ್ಲಿ ಹೇಳುವುದಾದರೆ ‘ಬೇರು ಬಿಟ್ಟಿದ್ದಾರೆ’ ಎಂದೇ ಹೇಳಬೇಕು.

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೋರಿಕೆ. ದೋಸೆ, ಪಂಪು, ಹಲ್ಲು, ಬ್ಯಾಂಡು ಸೆಟ್ಟಾಗಿಯೇ ಇರಲಿ. ಸಿನಿಮಾಗಳು ಧಾರಾಳವಾಗಿ ಸೆಟ್ಟೇರಲಿ. ಆದರೆ ಸೊಸೆ ಹೊಸ ಸೀರೆ ಉಟ್ಟು ಬಂದು ಹೇಗಿದೆ ಎಂದು ಕೇಳಿದರೆ ದಯವಿಟ್ಟು ‘ಸೆಟ್ ಆಗಿದೆ’ ಎನ್ನಬೇಡಿ. ‘ಒಪ್ಪುತ್ತೆ ಕಣಮ್ಮ’ ಎಂದು ನೋಡಿ. ಆಮೇಲೆ ಬರುವ ಕಾಫಿಗೆ ಸಕ್ಕರೆ ಸರಿಯಾಗಿರುತ್ತದೆ.